ಮಗು ವಿಷ ಕುಡಿದಾಗ: ತೋಟದ ಮನೆಯಿಂದ ಆಸ್ಪತ್ರೆ ವಾರ್ಡಿನವರೆಗೆ ಯಾವುದು ಮೊದಲು, ಯಾವುದು ಆಮೇಲೆ

"ಮಗು ಔಷಧಿ ಕುಡಿದ್ಬಿಟ್ಟಿದೆ!" ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆ ಯಾರಾದರೂ ಹೀಗೆ ಅಂದ ಕೂಡಲೇ ಕೇಳಬೇಕಾದ್ದು ಒಂದೇ: ಯಾವ ಔಷಧಿ? ನಮ್ಮಲ್ಲಿ ಕೆಮ್ಮಿನ ಸಿರಪ್ಪೂ ಔಷಧಿ, ಕಾಂಡಕೊರಕಕ್ಕೆ ಹೊಡೆಯುವುದೂ ಔಷಧಿ, ಹುಲ್ಲು ಸುಡುವುದೂ ಔಷಧಿ, ಇಲಿಗೆ ಇಡುವುದೂ ಔಷಧಿ. ಈ ಒಂದು ಪದ ಬಿಡಿಸಿಕೊಳ್ಳುವುದರಲ್ಲೇ ಆಸ್ಪತ್ರೆಯಲ್ಲಿ ಹತ್ತು ನಿಮಿಷ ಹೋಗುತ್ತದೆ. ಎರಡನೇ ಎಡವಟ್ಟು ಕ್ರಮದ್ದು. ಮೊದಲು ಉಪ್ಪುನೀರು ಕುಡಿಸಿ ವಾಂತಿ ಮಾಡಿಸುತ್ತಾರೆ, ಆಮೇಲೆ ಜೀಪು ಹುಡುಕುತ್ತಾರೆ, ಮಗು ಸರಿಯಾಗಿ ಉಸಿರಾಡುತ್ತಿದೆಯೇ ಎಂದು ನೋಡುವುದು ಕೊನೆಗೆ. ಬಾಟಲಿಯಂತೂ ಮನೆಯಲ್ಲೇ ಉಳಿದಿರುತ್ತದೆ.

1ರಿಂದ 5ನೇ ಹಂತ ಮನೆಯವರಿಗೆ, ತೋಟದ ಲೆಕ್ಕ ನೋಡುವ ರೈಟರ್‌ಗಳಿಗೆ, ಆಶಾ ಕಾರ್ಯಕರ್ತೆಯರಿಗೆ. 6ರಿಂದ ಮುಂದಿನದು ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ತಾಲ್ಲೂಕು ಆಸ್ಪತ್ರೆಯ ನರ್ಸ್, ವೈದ್ಯರಿಗೆ. ಮನೆಯವರೂ ಓದಬಹುದು, ಆದರೆ ಅಲ್ಲಿ ಹೇಳಿರುವ ಇಂಜೆಕ್ಷನ್, ಇದ್ದಿಲುಪುಡಿ ಯಾವುದನ್ನೂ ಮನೆಯಲ್ಲಿ ಪ್ರಯೋಗಿಸುವಂತಿಲ್ಲ.

ಮೊದಲೇ ಇಟ್ಟುಕೊಂಡಿರಬೇಕಾದ್ದು

ಕಾರ್ಮಿಕರ ಲೈನ್ ಮನೆಗಳಿರುವ ತೋಟವಾದರೆ ಗೋಡೌನಿನ ಬಾಗಿಲ ಹತ್ತಿರ ಒಂದು ಡಬ್ಬಿ ಸಾಕು. ಸೋಪು, ಎರಡು ಜೊತೆ ದಪ್ಪ ರಬ್ಬರ್ ಕೈಗವಸು, ಟಾರ್ಚ್, ಗಟ್ಟಿ ಪ್ಲಾಸ್ಟಿಕ್ ಕವರ್, ಹಳೇ ಟವೆಲ್, ಪೆನ್ನು. ಮುಚ್ಚಳದ ಮೇಲೆ ಎರಡು ನಂಬರ್ ಬರೆದಿರಲಿ: ಆಂಬುಲೆನ್ಸಿಗೆ 108, ವಿಷದ ಬಗ್ಗೆ ಕೇಳುವುದಕ್ಕೆ 1800 116 117. ಎರಡನೆಯದು ದೆಹಲಿಯ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ. ಹಗಲು ರಾತ್ರಿ ಸಿಗುತ್ತದೆ, ವೈದ್ಯರೂ ಇಲ್ಲಿಗೇ ಕೇಳುತ್ತಾರೆ. ತೋಟದಲ್ಲಿ ನೆಟ್‌ವರ್ಕ್ ಸಿಗುವ ಜಾಗ ಯಾವುದು ಎಂಬುದನ್ನೂ ಅಲ್ಲೇ ಬರೆದಿಡಿ. ನಮ್ಮ ಕಡೆ ಇದು ಸಣ್ಣ ವಿಷಯ ಅಲ್ಲ.

ಹಂತ 1: ಉಸಿರು ನೋಡಿ

ಎದೆ ಏರಿಳಿಯುತ್ತಿದೆಯೇ ಎಂದು ಹತ್ತು ಸೆಕೆಂಡು ನೋಡಿ. ಹೆಸರು ಹಿಡಿದು ಕೂಗಿ, ಭುಜ ತಟ್ಟಿ. ಎಚ್ಚರವಿದ್ದು ಅಳುತ್ತಿದ್ದರೆ ಉಸಿರಿನ ದಾರಿ ಸದ್ಯಕ್ಕೆ ಸರಿಯಿದೆ, 2ನೇ ಹಂತಕ್ಕೆ ಹೋಗಿ.

ಮಂಪರಿದ್ದರೆ ಎಡಮಗ್ಗುಲಿಗೆ ಮಲಗಿಸಿ, ಬಾಯಿ ಸ್ವಲ್ಪ ಕೆಳಮುಖವಾಗಿರಲಿ. ಅಂಗಾತ ಮಲಗಿಸಿದರೆ ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಫಿಟ್ಸ್ ಬಂದರೂ ಮಗ್ಗುಲಿಗೇ ಮಲಗಿಸಿ. ಕೈಗೆ ಕಬ್ಬಿಣ ಕೊಡುವುದು, ಹಲ್ಲಿನ ನಡುವೆ ಚಮಚ ತುರುಕುವುದು ಬೇಡ.

ಉಸಿರಿಲ್ಲದಿದ್ದರೆ ಎದೆಯ ನಡುವೆ, ಎದೆಯ ದಪ್ಪದ ಮೂರನೇ ಒಂದು ಭಾಗ ತಗ್ಗುವಂತೆ 30 ಸಲ ಒತ್ತಿ, 2 ಸಲ ಊದಿ. ನೆರವು ಬರುವವರೆಗೆ ಮುಂದುವರಿಸಿ. ಒತ್ತುವ ವೇಗ ನಿಮಿಷಕ್ಕೆ 100ರಿಂದ 120. ಊದುವ ಮೊದಲು ಬಾಯಿಯ ಸುತ್ತ ಚೆನ್ನಾಗಿ ಒರೆಸಿ. ಇಲಿ ಪಾಷಾಣ ಅಥವಾ ಕಾಳಿಗೆ ಇಡುವ ಗುಳಿಗೆ ನುಂಗಿದ್ದರೆ ಬಾಯಿಗೆ ಬಾಯಿ ಕೊಟ್ಟು ಊದಬೇಡಿ, ಒತ್ತುವುದಷ್ಟೇ ಮಾಡಿ. ಹೊಟ್ಟೆಯಿಂದ ಬರುವ ಫಾಸ್ಫೀನ್ ಅನಿಲ ಊದುವವರಿಗೂ ವಿಷವೇ.

ಹಂತ 2: ವಿಷವನ್ನು ಮೈಯಿಂದ ಬಿಡಿಸಿ

ಬಾಯಲ್ಲಿ ಗುಳಿಗೆ, ಬೀಜ, ಎಲೆ ಕಂಡರೆ ಬೆರಳಿಗೆ ಬಟ್ಟೆ ಸುತ್ತಿ ಕೆನ್ನೆಯ ಒಳಗಿನಿಂದ ತೆಗೆಯಿರಿ. ಗಂಟಲೊಳಗೆ ಬೆರಳು ಹಾಕಬೇಡಿ. ಎಚ್ಚರವಿರುವ ಮಗುವಾದರೆ ನೀರಲ್ಲಿ ಬಾಯಿ ಮುಕ್ಕಳಿಸಿ ಉಗುಳಿಸಿ.

ಮೈಮೇಲೆ ಕೀಟನಾಶಕ ಚೆಲ್ಲಿದ್ದರೆ ಕೈಗವಸು ಹಾಕಿಕೊಂಡು ಬಟ್ಟೆಯೆಲ್ಲ ಬಿಚ್ಚಿ. ಅಂಗಿಯನ್ನು ತಲೆಯ ಮೇಲಿಂದ ಎಳೆದರೆ ವಿಷ ಮುಖಕ್ಕೆ ಸವರಿಕೊಳ್ಳುತ್ತದೆ, ಕತ್ತರಿಸಿ ತೆಗೆಯಿರಿ. ಸೋಪು ನೀರಲ್ಲಿ ಕೂದಲು, ಕಿವಿಯ ಹಿಂದೆ, ಕಂಕುಳು, ತೊಡೆಸಂದು, ಉಗುರಿನ ಸಂದು ತೊಳೆಯಿರಿ. ಬಿಸಿನೀರು ಬೇಡ, ರಕ್ತನಾಳ ಹಿಗ್ಗಿ ಒಳಹೋಗುವುದು ಹೆಚ್ಚುತ್ತದೆ. ಮಳೆಗಾಲದ ಚಳಿಯಲ್ಲಿ ಮಗು ತಣ್ಣಗಾಗದಂತೆ ಕೂಡಲೇ ಒರೆಸಿ ಕಂಬಳಿ ಹೊದಿಸಿ. ಹೇನಿಗೆಂದು ತೋಟದ ಔಷಧಿಯನ್ನು ತಲೆಗೆ ಹಚ್ಚಿದ್ದರೆ ಅದೂ ಇದೇ ಲೆಕ್ಕಕ್ಕೆ ಬರುತ್ತದೆ. ಮಗು ಏನೂ ಕುಡಿಯದೆಯೇ ವಿಷ ಏರಿರುತ್ತದೆ.

ಕಣ್ಣಿಗೆ ಸುಣ್ಣ ಬಿದ್ದದ್ದನ್ನು ಜನ ವಿಷವೆಂದು ಎಣಿಸುವುದಿಲ್ಲ. ಎಲೆಅಡಿಕೆಗೆ ತರುವ ಸುಣ್ಣದ ಸಣ್ಣ ಪ್ಯಾಕೆಟ್ ಮಗು ಹಿಸುಕುತ್ತದೆ, ಒಡೆದು ನೇರ ಕಣ್ಣಿಗೆ ಹಾರುತ್ತದೆ. ಸುಣ್ಣ ಕಣ್ಣಿನ ಕರಿಗುಡ್ಡೆಯನ್ನು ಸುಡುತ್ತಾ ಒಳಕ್ಕೆ ಇಳಿಯುತ್ತದೆ, ನಿಮಿಷಗಳಲ್ಲೇ ದೃಷ್ಟಿಗೆ ಕುತ್ತು. ಮಗುವನ್ನು ಟವೆಲಲ್ಲಿ ಕೈಸಮೇತ ಸುತ್ತಿ, ಸುಣ್ಣ ಬಿದ್ದ ಕಣ್ಣು ಕೆಳಗೆ ಬರುವಂತೆ ತಲೆ ವಾಲಿಸಿ, ರೆಪ್ಪೆ ಬಿಡಿಸಿ ಹಿಡಿದು ಚೊಂಬಿನಿಂದ ಧಾರೆಯಾಗಿ ನೀರು ಬಿಡಿ. ರೆಪ್ಪೆಯ ಒಳಗೆ ಕಾಣುವ ಬಿಳಿ ಚೂರನ್ನು ಒದ್ದೆ ಹತ್ತಿಬಟ್ಟೆಯ ತುದಿಯಿಂದ ತೆಗೆಯಿರಿ. ಒಂದು ಚೂರು ಉಳಿದರೂ ಸುಡುವುದು ನಿಲ್ಲುವುದಿಲ್ಲ. ಪೂರ್ತಿ 30 ನಿಮಿಷ ತೊಳೆದು ಆಮೇಲೆ ಹೊರಡಿ. ವಿಷದ ವಿಷಯದಲ್ಲಿ ಹೊರಡುವುದನ್ನು ತಡಮಾಡಿ ಎಂದು ಹೇಳಬಹುದಾದ ಸಂದರ್ಭ ಬಹುಶಃ ಇದೊಂದೇ. ಎದೆಹಾಲು, ತುಪ್ಪ, ಹರಳೆಣ್ಣೆ ಯಾವುದನ್ನೂ ಬಿಡಬೇಡಿ. ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಸಿಡಿದರೂ ಹೀಗೆಯೇ, ಅದರಲ್ಲೂ ಸುಣ್ಣವಿದೆ.

ಹಂತ 3: ವಾಂತಿ ಮಾಡಿಸಬೇಡಿ, ಮದ್ದು ಕುಡಿಸಬೇಡಿ

ಸೀಮೆಎಣ್ಣೆ, ಪೆಟ್ರೋಲ್ ಹೊಟ್ಟೆಯಲ್ಲಿದ್ದಾಗ ಮಾಡುವ ಹಾನಿ ಕಡಿಮೆ, ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ. ವಾಂತಿ ಮಾಡಿಸಿದಾಗ ಅದು ಹೋಗುವುದು ಅಲ್ಲಿಗೇ. ಶೌಚಾಲಯದ ಆಸಿಡ್, ಕಾಸ್ಟಿಕ್ ಸೋಡಾ ಇಳಿಯುವಾಗ ಒಮ್ಮೆ ಅನ್ನನಾಳ ಸುಟ್ಟಿರುತ್ತದೆ, ಮೇಲೆ ಬರುವಾಗ ಎರಡನೇ ಸಲ ಸುಡುತ್ತದೆ. ಕೀಟನಾಶಕ ಕುಡಿದ ಮಗು ಎಚ್ಚರವಿದ್ದದ್ದು ಐದೇ ನಿಮಿಷದಲ್ಲಿ ಮಂಪರಾಗಬಹುದು, ಅಷ್ಟರಲ್ಲಿ ಬಾಯಿತುಂಬ ವಾಂತಿ ಇರುತ್ತದೆ.

ಉಪ್ಪುನೀರು ಎಲ್ಲಕ್ಕಿಂತ ಕೆಟ್ಟದ್ದು. ಎರಡು ಮೂರು ಚಮಚ ಉಪ್ಪು ಸಣ್ಣ ಮಗುವಿನ ರಕ್ತದ ಸೋಡಿಯಂ ಏರಿಸಿ ಫಿಟ್ಸ್ ತರಿಸುತ್ತದೆ, ಕೊಲ್ಲಲೂಬಹುದು. ಹುಣಸೆನೀರು, ಮೊಟ್ಟೆಯ ಬಿಳಿ, ಮಜ್ಜಿಗೆ, ಕೊಬ್ಬರಿ ಎಣ್ಣೆ ಯಾವುದೂ ಬೇಡ. "ಆಸಿಡ್‌ಗೆ ಸೋಡಾ ಕೊಟ್ರೆ ಸರಿಹೋಗುತ್ತೆ" ಎನ್ನುವುದೂ ತಪ್ಪು, ಎರಡೂ ಸೇರಿದಾಗ ಬಿಸಿ ಹುಟ್ಟುತ್ತದೆ. ಕರ್ಪೂರ, ನುಸಿಗುಳಿಗೆ ನುಂಗಿದ್ದರೆ ಹಾಲು ಬೇಡವೇ ಬೇಡ. ಕೊಬ್ಬಿನಲ್ಲಿ ಕರಗಿ ಬೇಗ ಏರುತ್ತವೆ.

ಒಂದು ಅಪವಾದವಿದೆ. ಗುಂಡಿಯಂಥ ಚಪ್ಪಟೆ ಬ್ಯಾಟರಿ (ರಿಮೋಟ್, ಆಟಿಕೆಯದು) ನುಂಗಿ 12 ಗಂಟೆ ದಾಟಿಲ್ಲ, ಮಗುವಿಗೆ ಒಂದು ವರ್ಷ ತುಂಬಿದೆ, ನುಂಗಲು ಆಗುತ್ತಿದೆ ಎಂದಾದರೆ ಆಸ್ಪತ್ರೆಗೆ ಹೋಗುವ ದಾರಿಯಲ್ಲೇ 10 ನಿಮಿಷಕ್ಕೊಮ್ಮೆ 10 ಮಿ.ಲೀ. ಜೇನುತುಪ್ಪ ಕೊಡಿ, ಹೆಚ್ಚೆಂದರೆ 6 ಸಲ. ಅನ್ನನಾಳದಲ್ಲಿ ಸಿಕ್ಕಿಕೊಂಡ ಬ್ಯಾಟರಿ 2 ಗಂಟೆಯಲ್ಲೇ ಆಳವಾಗಿ ಸುಡಬಲ್ಲದು. ಜೇನು ಅದನ್ನು ನಿಧಾನ ಮಾಡುತ್ತದೆ, ತೆಗೆಯುವುದಿಲ್ಲ. ಜೇನು ಹುಡುಕುತ್ತಾ ಮನೆಯಲ್ಲಿ ನಿಲ್ಲಬೇಡಿ.

ಹಂತ 4: ಏನು, ಎಷ್ಟು, ಯಾವಾಗ, ತೂಕ

ಬಾಟಲಿಯನ್ನು ಮುಚ್ಚಳ ಹಾಕಿ ಕವರಿನಲ್ಲಿಟ್ಟು ಜೊತೆಗೇ ತೆಗೆದುಕೊಳ್ಳಿ. ಕೀಟನಾಶಕದ ಲೇಬಲ್‌ನ ಮೂಲೆಯಲ್ಲಿ ಬಣ್ಣದ ಗುರುತಿರುತ್ತದೆ: ಕೆಂಪು ಅತಿ ಘೋರ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಎಂದರೆ ಕುಡಿಯಬಹುದು ಎಂದಲ್ಲ. ವೈದ್ಯರಿಗೆ ಬೇಕಾದ್ದು ಬಣ್ಣಕ್ಕಿಂತ ಹೆಚ್ಚಾಗಿ ಸಣ್ಣಕ್ಷರದಲ್ಲಿರುವ ರಾಸಾಯನಿಕದ ಹೆಸರು ಮತ್ತು ಶೇಕಡಾವಾರು. ಕ್ಲೋರ್‌ಪೈರಿಫಾಸ್ 20% ಎಂದಿದ್ದರೆ 5 ಮಿ.ಲೀ.ನಲ್ಲಿ ಸುಮಾರು 1 ಗ್ರಾಂ ವಿಷ.

ತೊಂದರೆ ಬರುವುದು ಲೇಬಲ್ ಇಲ್ಲದ ಬಾಟಲಿಯಲ್ಲಿ. ವೀಡ್ ಕಟರಿಗೆ ಬೆರೆಸಿದ ಪೆಟ್ರೋಲ್, ಪಕ್ಕದ ತೋಟದಿಂದ ಕಾಲು ಲೀಟರ್ ತಂದ ಕಳೆನಾಶಕ, ಎರಡೂ ನೀರಿನ ಬಾಟಲಿಯಲ್ಲೇ ಇರುತ್ತವೆ. ಮೇಸ್ತ್ರಿಗೆ ಫೋನ್ ಮಾಡಿ: "ಅಣ್ಣಾ, ಇವತ್ತು ಏನು ಹೊಡೆದ್ರಿ? ಡಬ್ಬದ ಫೋಟೋ ಕಳಿಸಿ." ಗಿಡದ ಕಾಯಿ ತಿಂದಿದ್ದರೆ ಎಲೆ, ಕಾಯಿ ಸಮೇತ ಒಂದು ಕೊಂಬೆ ಮುರಿದು ತನ್ನಿ. ಉಮ್ಮತ್ತಿ, ಕಣಗಿಲೆ, ಹರಳು, ಗುಲಗಂಜಿ ನೋಡಿದರೆ ಗುರುತು ಸಿಗುತ್ತವೆ, ವಿವರಿಸಿದರೆ ಸಿಗುವುದಿಲ್ಲ.

"ಸ್ವಲ್ಪ ಕುಡಿದಿರಬಹುದು" ಎನ್ನುವುದು ಅಳತೆಯಲ್ಲ. ಬಾಟಲಿಯಲ್ಲಿ ಎಷ್ಟಿತ್ತು, ಈಗ ಎಷ್ಟಿದೆ, ನೆಲಕ್ಕೆ ಎಷ್ಟು ಚೆಲ್ಲಿದೆ ನೋಡಿ. ಗೊತ್ತಾಗದಿದ್ದರೆ ಕಾಣೆಯಾದದ್ದೆಲ್ಲ ಹೊಟ್ಟೆಯಲ್ಲಿದೆ ಎಂದೇ ಲೆಕ್ಕ ಹಿಡಿಯಿರಿ. ಇಬ್ಬರು ಮಕ್ಕಳಿದ್ದರೆ ಪೂರ್ತಿ ಪ್ರಮಾಣವನ್ನು ಇಬ್ಬರ ಹೆಸರಿಗೂ ಬರೆಯಿರಿ.

ತೂಕ ಗೊತ್ತಿಲ್ಲದಿದ್ದರೆ ವಯಸ್ಸನ್ನು ಎರಡರಿಂದ ಗುಣಿಸಿ 8 ಕೂಡಿಸಿ: 2 ವರ್ಷಕ್ಕೆ ಸುಮಾರು 12 ಕೆ.ಜಿ. ಇದು ಯಾಕೆ ಮುಖ್ಯ ನೋಡಿ. 60 ಮಿ.ಲೀ. ಪ್ಯಾರಸಿಟಮಾಲ್ ಬಾಟಲಿ ಪೂರ್ತಿ ಖಾಲಿಯಾಗಿದೆ ಎನ್ನೋಣ. 5 ಮಿ.ಲೀ.ಗೆ 125 ಮಿ.ಗ್ರಾಂ ಇರುವ ಸಿರಪ್ ಆದರೆ ಒಟ್ಟು 1500, ಆ 12 ಕೆ.ಜಿ. ಮಗುವಿಗೆ ಕೆ.ಜಿ.ಗೆ 125 ಮಿ.ಗ್ರಾಂ. 250ರ ಸಿರಪ್ ಆದರೆ 3000, ಅಂದರೆ ಕೆ.ಜಿ.ಗೆ 250. ಒಂದೇ ಸಲಕ್ಕೆ 150 ದಾಟಿದರೆ ಯಕೃತ್ತಿನ ಚಿಂತೆ ಶುರು, 200 ದಾಟಿದರೆ ಖಂಡಿತ ಆಸ್ಪತ್ರೆ. ಎರಡೂ ಬಾಟಲಿ ನೋಡಲು ಒಂದೇ ಥರ.

ಗರ್ಭಿಣಿಯರಿಗೆ ಕೊಡುವ ಕೆಂಪು ಕಬ್ಬಿಣದ ಮಾತ್ರೆಯೂ ಹಾಗೆಯೇ, ಮಗುವಿನ ಕಣ್ಣಿಗೆ ಅದು ಪೆಪ್ಪರ್‌ಮಿಂಟು. ಒಂದರಲ್ಲಿ 60 ಮಿ.ಗ್ರಾಂ ಕಬ್ಬಿಣ. 10 ಕೆ.ಜಿ. ಮಗು 4 ನುಂಗಿದರೆ ಕೆ.ಜಿ.ಗೆ 24, ನಿಗಾ ಬೇಕು. 10 ನುಂಗಿದರೆ ಕೆ.ಜಿ.ಗೆ 60, ಜೀವಕ್ಕೆ ಅಪಾಯ.

ಹಂತ 5: ಹೊರಡುವುದು

ಬಳಪ, ಟೂತ್‌ಪೇಸ್ಟಿನ ಒಂದು ನೆಕ್ಕು, ಪೆನ್ಸಿಲ್ ತುಂಡು, ಚಪ್ಪಲಿ ಪೆಟ್ಟಿಗೆಯೊಳಗಿನ ಸಿಲಿಕಾ ಪುಡಿ: ಇವಕ್ಕೆ ಓಡಬೇಕಿಲ್ಲ, ಮಗುವಿನ ಗಂಟಲಲ್ಲಿ ಸಿಕ್ಕಿಲ್ಲ ಎಂದು ನೋಡಿಕೊಂಡರೆ ಸಾಕು. ಉಳಿದದ್ದಕ್ಕೆಲ್ಲ ಹೊರಡಿ, ಮಗು ಆಡುತ್ತಿದ್ದರೂ.

ಎಲ್ಲಿಗೆ? ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಮೊದಲು. ಅದನ್ನು ದಾಟಿಕೊಂಡು ಚಾರ್ಮಾಡಿ ಅಥವಾ ಶಿರಾಡಿ ಇಳಿದು ಮಂಗಳೂರಿಗೇ ಹೋಗೋಣ ಎನ್ನುವ ಯೋಚನೆ ತಪ್ಪು. ಘಾಟಿಯ ತಿರುವಿನಲ್ಲಿ ಉಸಿರು ನಿಂತರೆ ಕಾರಿನಲ್ಲಿ ಮಾಡುವುದೇನೂ ಇಲ್ಲ. ಮಳೆಗಾಲದಲ್ಲಿ ರಸ್ತೆಯನ್ನೂ ನಂಬುವಂತಿಲ್ಲ. ಅಟ್ರೋಪಿನ್ (ಕೀಟನಾಶಕದ ವಿಷಕ್ಕೆ ಕೊಡುವ ಇಂಜೆಕ್ಷನ್), ಆಮ್ಲಜನಕ, ಗ್ಲೂಕೋಸ್ ತಾಲ್ಲೂಕಿನಲ್ಲೇ ಶುರುವಾಗಲಿ. ಆಮೇಲೆ ಚಿಕ್ಕಮಗಳೂರು ಜಿಲ್ಲಾ ಆಸ್ಪತ್ರೆಗೋ ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆ ಹಿಮ್ಸ್‌ಗೋ 108ರಲ್ಲೇ ಕಳುಹಿಸುತ್ತಾರೆ.

ಪೊಲೀಸ್ ಕೇಸ್ ಆಗುತ್ತದೆಂದು ಹೆದರಿ "ಊಟ ಸರಿಹೋಗಿಲ್ಲ" ಎಂದು ಹೇಳುವವರಿದ್ದಾರೆ. ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ಆಸ್ಪತ್ರೆಯ ವರದಿ) ಬರೆಯುವುದು ದಾಖಲೆಗೆ, ಚಿಕಿತ್ಸೆ ಅದಕ್ಕಾಗಿ ಕಾಯುವುದಿಲ್ಲ. ಸುಳ್ಳು ಹೇಳಿದರೆ ಕೀಟನಾಶಕದ ವಾಂತಿಭೇದಿಗೆ ಮಗುವಿಗೆ ಓಆರ್‌ಎಸ್ ಸಿಗುತ್ತದೆ, ಅಟ್ರೋಪಿನ್ ಸಿಗುವುದಿಲ್ಲ.

ಹಂತ 6: ಆಸ್ಪತ್ರೆಯಲ್ಲಿ ಮೊದಲ ಹತ್ತು ನಿಮಿಷ

ಹೆಸರು ಬರೆಯುವ ಮುಂಚೆ ಉಸಿರಿನ ದಾರಿ, ಉಸಿರಾಟ, ನಾಡಿ, ಪ್ರಜ್ಞೆ. ಬಾಯಿ, ಗಂಟಲು ಸಕ್ಷನ್ ಮಾಡಿ. ಆಮ್ಲಜನಕ ಕೊಡಿ, ಪ್ಯಾರಾಕ್ವಾಟ್ ಕಳೆನಾಶಕ ಕುಡಿದಿದ್ದರೆ ಮಾತ್ರ ಆಕ್ಸಿಮೀಟರ್ 90ರ ಕೆಳಗಿಳಿಯದ ಹೊರತು ಬೇಡ, ಆಮ್ಲಜನಕವೇ ಆ ಶ್ವಾಸಕೋಶವನ್ನು ಇನ್ನಷ್ಟು ಸುಡುತ್ತದೆ.

ಮಂಪರಿರುವ, ಫಿಟ್ಸ್ ಬಂದ ಪ್ರತಿ ಮಗುವಿಗೂ ಗ್ಲೂಕೋಮೀಟರ್ ಹಚ್ಚಿ. 54ಕ್ಕಿಂತ ಕಡಿಮೆಯಿದ್ದರೆ 10% ಡೆಕ್ಸ್‌ಟ್ರೋಸ್ ಕೆ.ಜಿ.ಗೆ 5 ಮಿ.ಲೀ. ಅಜ್ಜನ ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್ ಒಂದೇ ಮಾತ್ರೆ ಎರಡು ವರ್ಷದ ಮಗುವಿನ ಸಕ್ಕರೆಯನ್ನು ಪಾತಾಳಕ್ಕಿಳಿಸಬಲ್ಲದು, ಅದೂ ತಡವಾಗಿ. 24 ಗಂಟೆ ಮನೆಗೆ ಬಿಡಬೇಡಿ.

ಹಂತ 7: ವಿಷ ಯಾವುದೆಂದು ಮೈಯನ್ನೇ ಕೇಳಿ

ಟಾರ್ಚ್ ಹಿಡಿದು ಕಣ್ಣಪಾಪೆ ನೋಡಿ, ಕಂಕುಳಲ್ಲಿ ಕೈಯಿಟ್ಟು ಬೆವರು ನೋಡಿ. ಪಾಪೆ ಸೂಜಿಮೊನೆಯಷ್ಟು, ಮೈ ಒದ್ದೆ, ಜೊಲ್ಲು, ಎದೆಯಲ್ಲಿ ಗೊರಗೊರ, ಸ್ನಾಯು ಅದುರುವುದು: ಆರ್ಗನೋಫಾಸ್ಫರಸ್ ಅಥವಾ ಕಾರ್ಬಮೇಟ್ ಕೀಟನಾಶಕ. ಪಾಪೆ ಸಣ್ಣದಿದ್ದು ಮೈ ಒಣಗಿದ್ದು ಉಸಿರು ನಿಧಾನವಾಗಿದ್ದರೆ ಟ್ರಮಡಾಲ್‌ನಂಥ ನೋವಿನ ಮಾತ್ರೆ. ಪಾಪೆ ಅಗಲ, ಮುಖ ಕೆಂಪು, ಕಂಕುಳು ಒಣಗಿದೆ, ಜ್ವರ, ಗಾಳಿಯಲ್ಲಿ ಏನೋ ಹಿಡಿಯುವಂತೆ ಕೈಯಾಡಿಸುತ್ತಿದೆ: ಉಮ್ಮತ್ತಿ. ನೀಲಿಹಸಿರು ವಾಂತಿ ಮೈಲುತುತ್ತದ್ದು. ಬೆಳ್ಳುಳ್ಳಿಯ ವಾಸನೆ ಇಲಿ ಪಾಷಾಣದ್ದು.

ಏನೂ ಕುಡಿದದ್ದು ಸಿಗುತ್ತಿಲ್ಲ, ನೆಲದಲ್ಲಿ ಮಲಗಿದ್ದ ಮಗು ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದು ರೆಪ್ಪೆ ಜೋತುಬಿದ್ದಿದೆ ಎಂದರೆ ವಿಷ ಹುಡುಕುವುದು ಬಿಟ್ಟು ಕಟ್ಟು ಹಾವನ್ನು ನೆನೆಯಿರಿ. ಕಚ್ಚಿದ ಗುರುತು ಕಾಣದೇ ಇರಬಹುದು.

ಹಂತ 8: ಇದ್ದಿಲುಪುಡಿಯೋ, ಹೊಟ್ಟೆ ತೊಳೆಯುವುದೋ

ಆಕ್ಟಿವೇಟೆಡ್ ಚಾರ್ಕೋಲ್ ಕೆ.ಜಿ.ಗೆ 1 ಗ್ರಾಂ, 5 ಗ್ರಾಮಿಗೆ 40 ಮಿ.ಲೀ. ನೀರಿನಂತೆ ಕಲಸಿ. ನುಂಗಿ ಒಂದು ಗಂಟೆಯೊಳಗಾದರೆ ಹೆಚ್ಚು ಉಪಯೋಗ. ಕಬ್ಬಿಣದ ಮಾತ್ರೆ, ಸೀಮೆಎಣ್ಣೆ, ಆಸಿಡ್, ಕಾಸ್ಟಿಕ್ ಸೋಡಾ, ಮದ್ಯಕ್ಕೆ ಕೊಡಬೇಡಿ. ಮಂಪರಿರುವ ಮಗುವಿಗೆ ಶ್ವಾಸನಾಳದಲ್ಲಿ ಟ್ಯೂಬ್ ಹಾಕದೆ ಕೊಡಬೇಡಿ.

ಹೊಟ್ಟೆ ತೊಳೆಯದಿದ್ದರೆ ಮನೆಯವರಿಗೆ ಸಮಾಧಾನವಿಲ್ಲ. ಆದರೆ ಅದರಿಂದ ಪ್ರಯೋಜನವಾಗುವ ಮಕ್ಕಳು ಕಡಿಮೆ: ಒಂದು ಗಂಟೆಯೊಳಗೆ ಬಂದವರು, ಜೀವಕ್ಕೆ ಅಪಾಯವಾಗುವಷ್ಟು ನುಂಗಿದವರು. ಮಾಡಲೇಬೇಕಿದ್ದರೆ ಪ್ರತಿ ಸಲ ಕೆ.ಜಿ.ಗೆ 10 ಮಿ.ಲೀ. ಬೆಚ್ಚಗಿನ ಸಲೈನ್, ಬರೀ ನೀರು ಬೇಡ, ಸೋಡಿಯಂ ಕುಸಿಯುತ್ತದೆ. ಹಾಕಿದಷ್ಟು ಹೊರಗೆ ಬಂತೇ ಎಂದು ಅಳೆಯಿರಿ. ಸೀಮೆಎಣ್ಣೆ, ಆಸಿಡ್ ಕುಡಿದವರಿಗೆ ಮೂಗಿನ ನಳಿಕೆಯನ್ನೇ ಮುಟ್ಟಬೇಡಿ.

ಹಂತ 9: ವಿಷಕ್ಕೆ ತಕ್ಕ ಚಿಕಿತ್ಸೆ

ಆರ್ಗನೋಫಾಸ್ಫರಸ್, ಕಾರ್ಬಮೇಟ್ ಕೀಟನಾಶಕ: ಅಟ್ರೋಪಿನ್ ಕೆ.ಜಿ.ಗೆ 0.02ರಿಂದ 0.05 ಮಿ.ಗ್ರಾಂ ರಕ್ತನಾಳಕ್ಕೆ. 12 ಕೆ.ಜಿ. ಮಗುವಿಗೆ 0.05ರ ಲೆಕ್ಕದಲ್ಲಿ 0.6 ಮಿ.ಗ್ರಾಂ, ಅಂದರೆ 0.6ರ ಒಂದು ಆಂಪೂಲ್. 5 ನಿಮಿಷ ಬಿಟ್ಟು ಎದೆ ಕೇಳಿ. ಗೊರಗೊರ ಹೋಗಿಲ್ಲದಿದ್ದರೆ ಎರಡು ಆಂಪೂಲ್, ಮತ್ತೆ 5 ನಿಮಿಷಕ್ಕೆ ನಾಲ್ಕು. ಇಲ್ಲಿ ಕೈ ಹಿಂದೆಗೆಯುವುದೇ ದೊಡ್ಡ ತಪ್ಪು. ಅದೇ ಪ್ರಮಾಣವನ್ನು ಅರ್ಧ ಗಂಟೆಗೊಮ್ಮೆ ಕೊಡುತ್ತಾ ಕೂತರೆ ಮಗು ತನ್ನ ಕಫದಲ್ಲೇ ಮುಳುಗುತ್ತದೆ. ಗುರಿ ಎದೆ ಒಣಗುವುದು. ಪಾಪೆ ಅಗಲವಾಯಿತೆಂದು ನಿಲ್ಲಿಸಬೇಡಿ, ನಾಡಿ ಜೋರಿದೆಯೆಂದು ಕೊಡದೇ ಇರಬೇಡಿ. ಎದೆ ಒಣಗಿದ ಮೇಲೆ ಅಲ್ಲಿಯವರೆಗೆ ಕೊಟ್ಟ ಒಟ್ಟು ಪ್ರಮಾಣದ 10ರಿಂದ 20% ಅನ್ನು ಪ್ರತಿ ಗಂಟೆಗೆ ಡ್ರಿಪ್ಪಿನಲ್ಲಿ ಹರಿಸಿ. ಜ್ವರ, ಗಲಿಬಿಲಿ, ಕರುಳಿನ ಸದ್ದು ನಿಂತದ್ದು ಕಂಡರೆ ಅಟ್ರೋಪಿನ್ ಹೆಚ್ಚಾಗಿದೆ. ನಿಲ್ಲಿಸಿ, ಆಮೇಲೆ ಕಡಿಮೆ ವೇಗದಲ್ಲಿ ಶುರುಮಾಡಿ. ಪ್ರಾಲಿಡಾಕ್ಸಿಮ್ ಕೊಡುವುದಾದರೆ ಕೆ.ಜಿ.ಗೆ 25ರಿಂದ 50 ಮಿ.ಗ್ರಾಂ, ಅರ್ಧ ಗಂಟೆ ನಿಧಾನವಾಗಿ. ಒಮ್ಮೆಲೇ ತಳ್ಳಿದರೆ ಹೃದಯ ನಿಲ್ಲಬಹುದು.

24ರಿಂದ 96 ಗಂಟೆಯ ನಡುವೆ ಇನ್ನೊಂದು ಬಲೆ ಇದೆ. ಮಗು ಮಾತಾಡುತ್ತಿದೆ, ಹಾಲು ಕುಡಿದಿದೆ, ಎಲ್ಲರೂ ನಿಟ್ಟುಸಿರು ಬಿಟ್ಟಿದ್ದಾರೆ. ಆಗ ಕತ್ತಿನ ಸ್ನಾಯು ಸೋಲುತ್ತದೆ, ಹಿಂದೆಯೇ ಉಸಿರಾಟ. ಆರು ಗಂಟೆಗೊಮ್ಮೆ "ತಲೆ ಎತ್ತು ಪುಟ್ಟಾ" ಎಂದು ದಿಂಬಿನಿಂದ ತಲೆ ಎತ್ತಿಸಿ. ಎತ್ತಲಾಗದಿದ್ದರೆ ಕೂಡಲೇ ವೆಂಟಿಲೇಟರ್ ಇರುವಲ್ಲಿಗೆ.

ಸೀಮೆಎಣ್ಣೆ, ಪೆಟ್ರೋಲ್: ಕೆಮ್ಮು, ಉಸಿರಿನ ವೇಗ, ಆಕ್ಸಿಮೀಟರ್ ನೋಡುತ್ತಾ 6 ಗಂಟೆ ಇಟ್ಟುಕೊಳ್ಳಿ. ಬಂದ ಕೂಡಲೇ ತೆಗೆದ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು. ಲಕ್ಷಣವಿದ್ದರೆ 6 ಗಂಟೆಗೆ ಇನ್ನೊಂದು ತೆಗೆಯಿರಿ. ಸ್ಟೆರಾಯ್ಡ್ ಬೇಡ, ಮುಂಜಾಗ್ರತೆಗೆಂದು ಆಂಟಿಬಯಾಟಿಕ್ಕೂ ಬೇಡ.

ಪ್ಯಾರಸಿಟಮಾಲ್: ನುಂಗಿ 4 ಗಂಟೆಯಾದ ಮೇಲೆ ರಕ್ತದ ಮಟ್ಟ. ಪರೀಕ್ಷೆ ಸಿಗದ ಕಡೆ ಪ್ರಮಾಣದ ಲೆಕ್ಕದ ಮೇಲೇ ಇದರ ಪ್ರತಿವಿಷ ಎನ್-ಅಸಿಟೈಲ್‌ಸಿಸ್ಟೀನ್ ಶುರುಮಾಡಿ. 8 ಗಂಟೆಯೊಳಗೆ ಕೊಟ್ಟರೆ ಯಕೃತ್ತು ಬಹುತೇಕ ಉಳಿಯುತ್ತದೆ.

ಆಸಿಡ್, ಕಾಸ್ಟಿಕ್: ಬಾಯಿಂದ ಏನೂ ಬೇಡ, 24 ಗಂಟೆಯೊಳಗೆ ಎಂಡೋಸ್ಕೋಪಿ ಇರುವಲ್ಲಿಗೆ ಕಳುಹಿಸಿ. ಬಾಯಿ ಚೆನ್ನಾಗಿ ಕಂಡರೂ ಅನ್ನನಾಳ ಸುಟ್ಟಿರಬಹುದು.

ಕರ್ಪೂರ: ಗಂಟೆಯೊಳಗೇ ಫಿಟ್ಸ್ ಬರಬಹುದು, ಮಿಡಜೋಲಂ ಅಥವಾ ಡಯಜೆಪಾಂ ಸಿರಿಂಜಿನಲ್ಲಿ ಸಿದ್ಧವಿರಲಿ. ಉಮ್ಮತ್ತಿಯ ಗಲಿಬಿಲಿಗೂ ಇವೇ. ಜೊತೆಗೆ ಮೈ ತಣ್ಣಗಿಡುವುದು, ಮೂತ್ರ ಕಟ್ಟಿದೆಯೇ ನೋಡುವುದು.

ಹಂತ 10: ಮನೆಗೆ ಕಳುಹಿಸುವ ಮೊದಲು

ತಡವಾಗಿ ಕಚ್ಚುವ ವಿಷಗಳಿವೆ. ಕಬ್ಬಿಣದಲ್ಲಿ 6ರಿಂದ 24 ಗಂಟೆಯ ನಡುವೆ ಮಗು ಚೇತರಿಸಿಕೊಂಡಂತೆ ಕಾಣುತ್ತದೆ, ಆಮೇಲೆ ಕುಸಿಯುತ್ತದೆ. ಹಳದಿ ರಂಜಕದ ಇಲಿ ಪೇಸ್ಟ್ ಎರಡು ಮೂರು ದಿನ ಸುಮ್ಮನಿದ್ದು ಯಕೃತ್ತಿಗೆ ಕೈಹಾಕುತ್ತದೆ. ಇಲಿಗೆ ಇಡುವ ಬ್ರೊಮಾಡಿಯೊಲೋನ್ ಬಿಲ್ಲೆ ತಿಂದಿದ್ದರೆ ರಕ್ತ ಹೆಪ್ಪುಗಟ್ಟುವ ಪರೀಕ್ಷೆ 48 ಗಂಟೆಗೆ ಮಾಡಬೇಕು, ಮೊದಲ ದಿನದ್ದಕ್ಕೆ ಅರ್ಥವಿಲ್ಲ. ನುಸಿಗುಳಿಗೆ ನುಂಗಿದವರಲ್ಲಿ ಒಂದರಿಂದ ಮೂರು ದಿನಕ್ಕೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಬಹುದು. ಕಾಡಿನ ಅಣಬೆ ತಿಂದು 6 ಗಂಟೆ ದಾಟಿದ ಮೇಲೆ ಶುರುವಾದ ವಾಂತಿ, ಬೇಗ ಬಂದ ವಾಂತಿಗಿಂತ ಭಯಪಡಬೇಕಾದ್ದು.

ಹತ್ತು ವರ್ಷ ದಾಟಿದ ಮಗುವಾದರೆ "ಆಕಸ್ಮಿಕ" ಎಂದು ಬರೆಯುವ ಮೊದಲು ಅಪ್ಪ ಅಮ್ಮನನ್ನು ಹೊರಗೆ ಕಳಿಸಿ ಒಂಟಿಯಾಗಿ ಮಾತಾಡಿಸಿ. ಬೇಕೆಂದೇ ಕುಡಿದಿದ್ದರೆ ಮನೋವೈದ್ಯರು ನೋಡದೆ ಬಿಡುಗಡೆ ಬೇಡ. ಟೆಲಿ ಮಾನಸ್ ನಂಬರ್ 14416, ಕನ್ನಡದಲ್ಲೇ ಮಾತಾಡುತ್ತಾರೆ.

ಬಿಡುಗಡೆ ಚೀಟಿಯಲ್ಲಿ "ವಿಷಪ್ರಾಶನ, ಗುಣಮುಖ" ಎಂದಷ್ಟೇ ಇದ್ದರೆ ಸಾಲದು. ರಾಸಾಯನಿಕದ ಹೆಸರು, ನುಂಗಿದ ಹೊತ್ತು, ಕೊಟ್ಟ ಮದ್ದಿನ ಒಟ್ಟು ಪ್ರಮಾಣ, ಮತ್ತೆ ರಕ್ತಪರೀಕ್ಷೆಗೆ ಬರಬೇಕಾದ ದಿನಾಂಕ ಇರಲಿ. ಕೆಳಗೆ ಕನ್ನಡದಲ್ಲಿ, ದೊಡ್ಡಕ್ಷರದಲ್ಲಿ: ಕಣ್ಣು ಹಳದಿಯಾದರೆ, ವಸಡಿನಲ್ಲಿ ರಕ್ತ ಬಂದರೆ, ಮೂತ್ರ ಕಪ್ಪಾದರೆ, ಎಬ್ಬಿಸಿದರೂ ಏಳದಿದ್ದರೆ, ಕತ್ತು ವಾಲಿದರೆ ರಾತ್ರಿಯಾದರೂ ಬನ್ನಿ.